ಹೆತ್ತವಳ ಹಾಜರಿ

ಮೊದಲ ಭೇಟಿಯಲ್ಲೇ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆಯವನು ತಲೆಯನ್ನೂ ಎತ್ತದೆ, ಎಂಬತ್ತು ವರ್ಷದ ಹಿಂದಿನದು ಸಿಗುವುದು ಕಷ್ಟ ಎಂದಿದ್ದ. ಕನ್ನಡಕದ ಅಂಗಡಿ ನಡೆಸುವ ಅವಳು ಬಿಟ್ಟಾಳೆಯೇ? ಹುಡುಕುವ ಮೊದಲೇ ಕಾಣುತ್ತಿಲ್ಲವೆಂದರೆ ಅಂಗಡಿಗೆ ಬನ್ನಿ, ಕಣ್ಣು ಪರೀಕ್ಷಿಸುತ್ತೇನೆ ಎಂದಳು. ಅವನಿಗೆ ನಗು ಬಂತು. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ.

ಅವಳಿಗೆ ಬೇಕಿದ್ದದ್ದು ಅಜ್ಜಿಯ ಜನನ ದಾಖಲೆ. ಅಜ್ಜಿಯನ್ನು ಸಾಕಿದವಳು ಇದೇ ಆಸ್ಪತ್ರೆಯ ನರ್ಸ್, ಆಸ್ಪತ್ರೆಯ ಹಿಂದಿದ್ದ ಕ್ವಾರ್ಟರ್ಸಿನಲ್ಲಿ. ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಳು ಎಂದು ಆ ನರ್ಸ್ ಹೇಳಿದ್ದಳು. ಅಜ್ಜಿ ಅದನ್ನು ಎಂದೂ ಪೂರ್ತಿ ನಂಬಿರಲಿಲ್ಲ. ಸತ್ತಳೋ, ಬೇಡವೆಂದು ಬಿಟ್ಟು ಹೋದಳೋ... ಅಷ್ಟು ತಿಳಿಯದೆ ನಾನು ಕಣ್ಣು ಮುಚ್ಚುವುದಿಲ್ಲ ಎಂದು ಈಗ ಹಟ ಹಿಡಿದಿದ್ದಳು.

ಐದು ಶನಿವಾರ ಕಳೆದವು. ಪ್ರತಿ ಸಲವೂ ಅವನದು ಒಂದೇ ಉತ್ತರ, ಇನ್ನೂ ಹುಡುಕುತ್ತಿದ್ದೇನೆ ಎಂದು. ಜೊತೆಗೆ ಒಂದು ಲೋಟ ಚಹಾ. ಮೂರನೇ ವಾರದಿಂದ ಅವಳು ಅಂಗಡಿಗೆ ಬೇಗ ಬೀಗ ಹಾಕತೊಡಗಿದಳು. ಅಜ್ಜಿಗೋಸ್ಕರ ಎಂದು ತನಗೆ ತಾನೇ ಹೇಳಿಕೊಂಡಳು. ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತದ್ದು ಯಾರಿಗೋಸ್ಕರ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಆ ಕೋಣೆಯಲ್ಲೊಂದು ಪದ್ಧತಿಯಿತ್ತು. ಕಪಾಟಿನಿಂದ ಪುಸ್ತಕ ತೆಗೆದವರು ಅದರ ಜಾಗದಲ್ಲಿ ದಿನಾಂಕ ಬರೆದ ಚೀಟಿ ಇಡಬೇಕು. ಐದನೇ ಶನಿವಾರ ಅವನು ಚಹಾ ತರಲು ಹೋದಾಗ ಅವಳು ಕಪಾಟಿನತ್ತ ಕಣ್ಣಾಡಿಸಿದಳು. ಅಜ್ಜಿ ಹುಟ್ಟಿದ ವರ್ಷದ ಪುಸ್ತಕವಿರಲಿಲ್ಲ. ಅಲ್ಲಿದ್ದ ಚೀಟಿಯಲ್ಲಿ ಅವಳು ಮೊದಲು ಬಂದ ದಿನದ ದಿನಾಂಕವಿತ್ತು.

ಪುಸ್ತಕ ಅವನ ಮೇಜಿನ ಖಾನೆಯಲ್ಲೇ ಸಿಕ್ಕಿತು. 'ಹೆಣ್ಣು ಮಗು. ತಾಯಿ ಕ್ಷೇಮ. ಮಗುವನ್ನು ಬಿಟ್ಟು ಹೋಗಿದ್ದಾಳೆ.'

ಅಜ್ಜಿ ಹೆದರಿದ್ದು ಇದಕ್ಕೇ. ಆದರೆ ಇವನು... ಐದು ವಾರ ಎದುರಿಗೇ ಕೂತು ಸುಳ್ಳು ಹೇಳಿದ್ದ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅವನು ಎರಡು ಲೋಟ ಹಿಡಿದು ಬಂದ. ತೆರೆದ ಪುಸ್ತಕ ಕಂಡು ಬಾಗಿಲಲ್ಲೇ ನಿಂತ.

"ಮೊದಲ ದಿನವೇ ಸಿಕ್ಕಿತ್ತಲ್ವಾ? ನಾನು ಬರ್ತಾ ಇರ್ಲಿ ಅಂತ ಮುಚ್ಚಿಟ್ರಾ?"

"ಅಲ್ಲ. ಇಷ್ಟನ್ನೇ ಅಜ್ಜಿಗೆ ಕೊಡೋಕೆ ಮನಸ್ಸಾಗ್ಲಿಲ್ಲ. ಮುಂದೆ ಏನಾಯ್ತು ಅಂತ ಹುಡುಕ್ತಿದ್ದೆ. ನಿನ್ನೆ ಸಂಜೆ ಸಿಕ್ತು."

ಅವನು ಇನ್ನೊಂದು ಪುಸ್ತಕ ಬಿಚ್ಚಿದ. ಆಸ್ಪತ್ರೆಯ ಬಟ್ಟೆ ಒಗೆಯುವವರ ಹಾಜರಿ ಪುಸ್ತಕ. ಹೆತ್ತವಳದೇ ಹೆಸರು, ಅವಳ ತಂದೆಯದೇ ಹೆಸರು, ಅದೇ ಊರು. ಮಗುವನ್ನು ಬಿಟ್ಟುಹೋದ ಒಂಬತ್ತನೇ ದಿನ ಕೆಲಸಕ್ಕೆ ಸೇರಿದ್ದಳು. ಹನ್ನೊಂದು ವರ್ಷ, ಒಂದು ದಿನವೂ ರಜೆಯಿಲ್ಲ. ನರ್ಸ್ ವರ್ಗವಾಗಿ ಮಗುವಿನೊಂದಿಗೆ ಊರು ಬಿಟ್ಟ ತಿಂಗಳೇ ಕೆಲಸ ಬಿಟ್ಟಿದ್ದಳು.

ಅವಳು ಎರಡೂ ಪುಟಗಳ ಪ್ರತಿ ತೆಗೆದುಕೊಂಡು ಚಹಾ ಮುಟ್ಟದೆ ಹೊರಟಳು.

ಅಜ್ಜಿ ಎರಡು ಸಲ ಓದಿಸಿ ಕೇಳಿದಳು.

"ಒಬ್ಬಳಿದ್ಲು ಕಣೇ, ನಮ್ಮ ಕ್ವಾರ್ಟರ್ಸಿಗೆ ಬಟ್ಟೆ ಒಗೆದು ತರೋಳು. ಎಲ್ಲರ ಬಟ್ಟೆ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟು ಹೋಗೋಳು. ನನ್ನ ಫ್ರಾಕು ಮಾತ್ರ ಮಡಚಿ ನನ್ನ ಕೈಗೇ ಕೊಡೋಳು. ನಾನು ಒಂದು ದಿನಾನೂ ಒಳಗೆ ಬಾ ಅನ್ಲಿಲ್ಲ."

ಮೊಮ್ಮಗಳ ಕೈ ಹಿಡಿದು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ, ಇದನ್ನು ಹುಡುಕಿದವನನ್ನು ತಾನು ನೋಡಬೇಕು ಎಂದಳು.

ಸೋಮವಾರ ಮೊಮ್ಮಗಳು ದಾಖಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಿ ನಿಮ್ಮನ್ನ ಮನೆಗೆ ಕರೀತಿದ್ದಾಳೆ."

"ನೀವು?"

"ನನಗೆ ಇನ್ನೂ ಕೋಪ ಇದೆ. ಅರ್ಧ ಗೊತ್ತಾದಾಗಲೇ ಹೇಳಿದ್ರೆ ಇನ್ನರ್ಧ ಸೇರಿ ಹುಡುಕ್ತಿದ್ವಿ."

"ತಪ್ಪಾಯ್ತು. ಹಾಜರಿ ಪುಸ್ತಕ ಸಿಕ್ಕಿದ ದಿನ ಖುಷಿ ಆಯ್ತು. ಆಮೇಲೆ, ಇನ್ಮೇಲೆ ನೀವು ಬರಲ್ವಲ್ಲ ಅನ್ನಿಸ್ತು. ರಾತ್ರಿ ಊಟ ಸೇರ್ಲಿಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ."

ಅವಳ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಬಂದಿದ್ದೀನಲ್ಲ."

"ನಾಳೆ?"

"ಮನೆಗೇ ಬನ್ನಿ ಅಂದ್ನಲ್ಲ. ನಾನು ಅಲ್ಲಿ ದಿನಾ ಇರ್ತೀನಿ."