ತೊಳೆದಿಟ್ಟ ಕಲ್ಲುಗಳು

ಬಕೆಟ್ಟಿನ ಸೋಪುನೀರಿನ ಮೇಲೆ ಚಿಕ್ಕ ಚಿಕ್ಕ ಚೀಟಿಗಳು ತೇಲುತ್ತಿದ್ದವು. ಮಗ ಒಂದನ್ನು ಬೆರಳಿನಿಂದ ಎತ್ತಿದ. ಶಾಯಿ ಕರಗಿ ಬರೀ ನೀಲಿ ಕಲೆ ಉಳಿದಿತ್ತು.

"ಯಾರು ಮಾಡಿದ್ದು ಇದನ್ನ?"

ಅವನ ಹೆಂಡತಿಯ ಕೈ ಮೊಣಕೈವರೆಗೂ ಒದ್ದೆಯಾಗಿತ್ತು. ಕೇಳುವ ಅಗತ್ಯವೇ ಇರಲಿಲ್ಲ.

ಅವಳ ಮಾವ ತೀರಿಕೊಂಡು ಎರಡು ತಿಂಗಳಾಗಿತ್ತು. ಕೊಳವೆಬಾವಿ ಕೊರೆಸುವ ಇಲಾಖೆಯಲ್ಲಿದ್ದ ಅವರು ಹೋದಲ್ಲೆಲ್ಲ ಒಂದು ಕಲ್ಲು ತಂದು, ಸಿಕ್ಕಿದ ಜಾಗ, ಆಳ ಬರೆದ ಚೀಟಿಯನ್ನು ಮೈದಾ ಅಂಟಿನಿಂದ ಅದಕ್ಕೆ ಅಂಟಿಸುತ್ತಿದ್ದರು. ಒಂದು ಕೋಣೆ ತುಂಬ ಕಲ್ಲು! ಮುಟ್ಟುವಂತಿರಲಿಲ್ಲ ಯಾರೂ. ಮಗ ಅವನ್ನು ಕಾಲೇಜಿಗೆ ಕೊಡಲು ನಿರ್ಧರಿಸಿದ್ದ. ಅಲ್ಲಿನ ಒಂದು ಕೋಣೆಗೆ ಅಪ್ಪನ ಹೆಸರಿಡಲು ಕಾಲೇಜಿನವರೂ ಒಪ್ಪಿದ್ದರು. ಅಂದು ಭೂವಿಜ್ಞಾನದ ಮೇಷ್ಟ್ರು ನೋಡಲು ಬರುವವರಿದ್ದರು. "ಇಷ್ಟು ಧೂಳು ನೋಡಿದ್ರೆ ಏನಂದ್ಕೊಳ್ತಾರೆ? ಎಲ್ಲಾ ನೆನೆಹಾಕಿ ತೊಳೆದುಬಿಡಮ್ಮ" ಎಂದು ಬೆಳಿಗ್ಗೆ ಸೊಸೆಗೆ ಹೇಳಿದ್ದು ಅತ್ತೆ. ಬಕೆಟ್ಟು, ಪಾತ್ರೆ, ಟಬ್ಬುಗಳಲ್ಲಿ ನೆನೆಹಾಕಿ ಅವಳು ಅಡುಗೆಗೆ ಹೋಗಿದ್ದಳು.

ಮೇಷ್ಟ್ರು ಬಂದರು. ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಸ್ನಾನ ಚೆನ್ನಾಗಿ ಆಗಿದೆ. ಆದ್ರೆ ಎಲ್ಲಿ ಸಿಕ್ತು ಅಂತ ಗೊತ್ತಿಲ್ಲದ ಕಲ್ಲು ನಮ್ಮ ಉಪಯೋಗಕ್ಕೆ ಬರಲ್ಲ. ಬೇಜಾರು ಮಾಡ್ಕೋಬೇಡಿ."

ಮಗ ಅವರನ್ನು ಗೇಟಿನವರೆಗೆ ಕಳಿಸಿ ಬಂದ. ಹೆಂಡತಿಯ ಕಡೆ ತಿರುಗಿದ.

"ನಿನಗೆ ಮುಟ್ಟು ಅಂದೋರು ಯಾರು? ನಮ್ಮಪ್ಪನ ಇಡೀ ಜೀವಮಾನ ಕಣೇ ಅದು... ಚರಂಡಿಗೆ ಚೆಲ್ಲಿಬಿಟ್ಟೆಯಲ್ಲ! ನಡಿ, ನಿನ್ನ ಅಮ್ಮನ ಮನೆಗೆ ನಡಿ! ನಿನ್ನ ಮುಖ ನೋಡೋಕಾಗ್ತಿಲ್ಲ ನನಗೆ..."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಬಕೆಟ್ಟನ್ನು ನೋಡುತ್ತಿದ್ದರು. ಒಂದು ಮಾತು... ಒಂದೇ ಮಾತು ಸಾಕಿತ್ತು. ಬರಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಒಳಗೆ ಹೋಗಿ ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡಳು.

"ನಾನು ಕಣೋ ತೊಳೆಸಿದ್ದು."

ಯಾರೋ ಪಕ್ಕದ ಮನೆಯವರ ವಿಷಯ ಹೇಳಿದಂತಿತ್ತು ಆ ದನಿ. ಮಗ ಅಮ್ಮನನ್ನೇ ನೋಡಿದ.

"ಮತ್ತೆ ಆಗಲೇ ಹೇಳೋಕೇನಾಗಿತ್ತು ನಿನಗೆ?"

"ಭಯವಾಯ್ತು. ಮದುವೆಯಾದ ಹೊಸದ್ರಲ್ಲಿ ಒಂದು ಕಲ್ಲು ಒರೆಸಿದ್ದೆ. ನಿಮ್ಮಪ್ಪ ಹೀಗೇ ಕೂಗಾಡಿದ್ರು. ಮುಟ್ಟು ಅಂದೋರು ಯಾರು ಅಂತ... ಅದೇ ಮಾತು, ಅದೇ ದನಿ. ಅವರೇ ಎದ್ದು ಬಂದ ಹಾಗಾಯ್ತು ನನಗೆ."

ಮಗ ಬಾಗಿಲ ಬಳಿ ಬಂದ. ಹೆಂಡತಿಯ ಕೈಯಿಂದ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ. ತಾನೇ ಕೆಳಗಿಟ್ಟಳು.

"ಆ ಕಲ್ಲುಗಳನ್ನ ಏನು ಮಾಡೋಣ ಅತ್ತೆ?" ಎಂದಳು.

ಏನು ಮಾಡೋಣ ಎಂದು ಆ ಮನೆಯಲ್ಲಿ ಅತ್ತೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವರು ಹಿತ್ತಲ ಕಡೆ ನೋಡಿದರು.

"ಬಟ್ಟೆ ಒಗೆಯೋ ಜಾಗದಲ್ಲಿ ಬರೀ ಕೆಸರು. ಕಾಲು ಜಾರತ್ತೆ. ಅಲ್ಲಿ ಹಾಸಿಬಿಡಿ."

ಮಗ ಪ್ಯಾಂಟು ಮಡಚಿ, ಹಿತ್ತಲಲ್ಲಿ ಮಂಡಿಯೂರಿ, ಅಪ್ಪನ ಕಲ್ಲುಗಳನ್ನು ಒಂದರ ಪಕ್ಕ ಒಂದು ಕೂರಿಸಿದ. ಹೆಂಡತಿ ಎತ್ತಿಕೊಟ್ಟಳು. ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು.

ಅತ್ತೆ ಅಂಚಿನಲ್ಲಿ ನಿಂತೇ ಇದ್ದರು. ಆಮೇಲೆ ಸೊಸೆಯ ಭುಜ ಹಿಡಿದು, ಚಪ್ಪಲಿ ಬಿಟ್ಟು, ಮೊದಲ ಕಲ್ಲಿನ ಮೇಲೆ ಮೆಲ್ಲಗೆ ಕಾಲಿಟ್ಟರು.