ಬೆಕಿ ಮುಟ್ಟದ ಕರಿಬಟ್ಟೆ

ಬಾಗಿಲಿಗೆ ಬಿದ್ದ ಒದೆಗೆ ಗೋಡೆ ಮೇಲಿದ್ದ ನನ್ನ ಗಂಡನ ಫೋಟೋ ಕೆಳಗೆ ಬಿತ್ತು.

ಬದುಕಿದ್ದಾಗ ಅಷ್ಟು ಬೇಗ ಜಾಗ ಬಿಟ್ಟು ಕದಲಿದವನೇ ಅಲ್ಲ ಅವನು.

"ಅಜ್ಜಿ, ಆ ಹುಡುಗಿ ಜಬೂನ ಹೊರಗೆ ಕಳಿಸು!"

ಬೆಕಿ. ಜಾಮೀನಲ್ಲಿ ಹೊರಗಿದ್ದ. ಜೊತೆಗೆ ಅವನ ಇಬ್ಬರು ಚೇಲಾಗಳು.

"ಯಾವ ಹುಡುಗಿ? ನಾನೇನಾ? ಇರು, ಹಲ್ಲಿನ ಸೆಟ್ ಹಾಕ್ಕೊಂಡು ಬರ್ತೀನಿ."

"ಟ್ಯಾಕ್ಸಿ ಸ್ಟ್ಯಾಂಡಲ್ಲಿ ಕಾಯ್ತೀವಿ. ಕೋರ್ಟಿಗೆ ಅವಳು ಹೆಂಗೆ ಹೋಗ್ತಾಳೋ ನೋಡೋಣ."

ಒಳಗೆ ಮಾತ್ರ ಕಾಲಿಡಲಿಲ್ಲ. ಯಾಕೆ ಹೇಳು? ನನ್ನ ಗಂಡ ಸತ್ತು ವರ್ಷ ತುಂಬಿಲ್ಲ, ನಾನಿನ್ನೂ ಕರಿಬಟ್ಟೇಲಿದ್ದೆ. ನಮ್ಮ ಊರು ಕ್ವಾಥೆಮಾದಲ್ಲಿ ಕರಿಬಟ್ಟೆ ವಿಧವೆ ಸೋಕಿದ್ರೆ ಕೇಡು ಅಂಟುತ್ತೆ. ಇಡೀ ಜೊಹಾನ್ಸ್‌ಬರ್ಗಿನ ಪಿಸ್ತೂಲಿಗೆ ಹೆದರದವನೂ ನನ್ನ ಕರಿ ಶಾಲಿಗೆ ಹೆದರ್ತಾನೆ.

ಮಂಚದಡಿಯಿಂದ ಜಬು ಬಂದಳು. ನಮ್ಮ ಬೀದಿ ಹುಡುಗಿ, ನನ್ನ ಮನೇಲಿ ಅಡಗಿದ್ದಳು. ಫುಟ್‌ಬಾಲ್ ಆಡೋಳು. ಪ್ಯಾಂಟ್ ಬಿಟ್ಟು ಬೇರೆ ಹಾಕಿದೋಳಲ್ಲ. ಅವಳು ಪ್ರೀತಿಸೋದು ಹುಡುಗೀರನ್ನ. ಅದಕ್ಕೇ ಆ ಮೂವರು ಅವಳನ್ನ ಕೆಡಿಸಿದ್ರು... "ನಿನ್ನ ಹೆಣ್ಣು ಮಾಡ್ತೀವಿ" ಅಂತ ಹೇಳ್ಕೊಂಡೇ. ಇವತ್ತು ಅವಳು ಕೋರ್ಟಲ್ಲಿ ಬಾಯಿ ಬಿಡದಿದ್ರೆ ಮೂವರೂ ಆರಾಮಾಗಿ ಮನೆಗೆ.

ಪೊಲೀಸರಿಗೆ ಫೋನ್ ಮಾಡಿದೆ. ಗಾಡಿ ಇಲ್ವಂತೆ.

ನನ್ನ ಕರಿಬಟ್ಟೆ ಬಿಚ್ಚಿದೆ. "ಹಾಕ್ಕೋ."

"ಲಂಗ ಹಾಕಲ್ಲ ಅಜ್ಜಿ. ಅವರೂ ಇದನ್ನೇ ಹೇಳ್ತಿದ್ರು."



"ಅವರು ಹೇಳಿದ್ದು ನಿನ್ನ ಮುರಿಯೋಕೆ. ನಾನು ಹೇಳ್ತಿರೋದು ದಾಟಿ ಹೋಗೋಕೆ. ಒಳಗೆ ಪ್ಯಾಂಟ್ ಇರ್ಲಿ."

ಪ್ಯಾಂಟಿನ ಬೆಲ್ಟ್ ಬಿಗಿ ಮಾಡ್ಕೊಂಡಳು. ಆಮೇಲೆ ಕೈ ಚಾಚಿದಳು.

"ನೀನೇನು ಹಾಕ್ಕೋತೀಯ?"

ಪೆಟ್ಟಿಗೆಯಿಂದ ಕೆಂಪು ಗೌನ್ ತೆಗೆದೆ. ಅದರ ಕೆಂಪಿಗೆ ಸೂರ್ಯನೇ ಕಣ್ಣುಜ್ಜಿಕೊಂಡಿರಬೇಕು.

ಟ್ಯಾಕ್ಸಿ ಅಂದ್ರೆ ನಮ್ಮಲ್ಲಿ ಹದಿನೈದು ಜನ ತುಂಬೋ ವ್ಯಾನು. ಜಬು ಹಿಂದಿನ ಸೀಟಿನ ಮೂಲೇಲಿ, ಮುಖದ ತುಂಬ ಶಾಲು. ವಿಧವೆಯ ಜಾಗ ಅದೇ. ನಾನು ಮುಂದೆ.

ಹೊರಡೋ ಹೊತ್ತಿಗೆ ಬೆಕಿ ಬಾಗಿಲು ಎಳೆದ.

"ಥೂ! ಗಂಡ ಸತ್ತು ವರ್ಷ ಆಗಿಲ್ಲ, ಕೆಂಪು ಬಟ್ಟೆನಾ ಮುದುಕಿ?"

"ಹೊಸ ಗಂಡನ್ನ ಹುಡುಕ್ತಿದೀನಿ. ನೀನು ಬೇಡ. ನಿನ್ನ ಕಾಲು ಸಣ್ಣ."

ಟ್ಯಾಕ್ಸಿ ತುಂಬ ನಗು. ಅವನು ನಗಲಿಲ್ಲ. ಕಣ್ಣು ಹಿಂದಕ್ಕೆ ಹೋಯ್ತು.

"ಅದ್ಯಾರು?"

"ನನ್ನ ತಂಗಿ. ಗಂಡನ್ನ ಮೊನ್ನೆ ಮಣ್ಣು ಮಾಡಿದ್ದು."

ಒಳಗೆ ಹತ್ತಿ ಬಂದ. ಅವನ ಕೈ ಶಾಲಿನ ಹತ್ತಿರ ಹೋಯ್ತು. 

ಡ್ರೈವರ್ ಗುಡುಗಿದ. "ಅವಳನ್ನ ಮುಟ್ಟಿ ಆ ಕೇಡನ್ನ ನನ್ನ ಗಾಡಿ ತುಂಬ ಹರಡ್ತೀಯೇನೋ? ಇಳಿ ಕೆಳಗೆ!"

ಆ ಕೈ ಗಾಳೀಲೇ ನಿಂತಿತು. ಆಮೇಲೆ ಮೆಲ್ಲಗೆ ಜೇಬಿಗೆ ಹೋಯ್ತು.

ಬೆಕಿ ಇಳಿದ. ಬೇರೆ ಕಾರಲ್ಲಿ ನಮ್ಮ ಹಿಂದೇನೇ ಕೋರ್ಟಿಗೆ ಬಂದ, ಜಬು ಮನೇಲೇ ಉಳಿದಳು ಅಂದ್ಕೊಂಡು, ಶಿಳ್ಳೆ ಹೊಡ್ಕೊಂಡು.

ಕೋರ್ಟಿನ ಬಚ್ಚಲಲ್ಲಿ ಜಬು ಕರಿಬಟ್ಟೆ ಬಿಚ್ಚಿ, ಮಡಚಿ ನನ್ನ ಕೈಗಿಟ್ಟಳು. ಪ್ಯಾಂಟಲ್ಲೇ ಹೋಗಿ ಕಟಕಟೇಲಿ ನಿಂತಳು. ಎಲ್ಲಾ ಹೇಳಿದಳು, ಬೆಳಿಗ್ಗೆ ಬೆಕಿ ಬಾಗಿಲು ಒದ್ದಿದ್ದನ್ನೂ. ಧ್ವನಿ ನಡುಗಲಿಲ್ಲ. ಬೆಕಿ ಒಂದ್ಸಲ ಅವಳನ್ನ ನೋಡಿದ, ಒಂದ್ಸಲ ನನ್ನ ಕೈಲಿದ್ದ ಶಾಲನ್ನ.

ಶಿಳ್ಳೆ ನಿಂತೋಯ್ತು.

ಸಾಕ್ಷಿಯನ್ನ ಬೆದರಿಸಿದ್ದಕ್ಕೆ ಅವನ ಜಾಮೀನು ರದ್ದು. ಇನ್ನಿಬ್ಬರು ಹೊರಗೇ ಇದಾರೆ. ಬೀದಿ ತುದೀಲಿ ಓಡಾಡ್ತಾರೆ. ಜಬು ನನ್ನ ಮನೇಲೇ ಇದಾಳೆ, ನಿದ್ದೆ ಇಬ್ಬರಿಗೂ ಇಲ್ಲ.

ಅಕ್ಕಪಕ್ಕದೋರು ಬೈತಾರೆ, ಸೂತಕ ಮುರಿದೆ, ಸತ್ತ ಗಂಡ ಸಿಟ್ಟಾಗ್ತಾನೆ ಅಂತ.

ಆಗ್ಲಿ ಬಿಡು. ಕರಿಬಟ್ಟೆ ಒಗೆದು ಬಾಗಿಲಿಗೇ ನೇತುಹಾಕಿದೀನಿ. ಬದುಕಿದ್ದಾಗ ಒಂದು ಕೋಳಿಗೂ ಕಾವಲು ಕಾದವನಲ್ಲ ನನ್ನ ಗಂಡ... ಈಗ ಹಗಲೂ ರಾತ್ರಿ ಡ್ಯೂಟಿ!