ಕುದುರೆ ಮನೆಯ ಕಾಲಾಳು

ಬಹಳ ಹಿಂದೆ, ಮರಗಳು ಊರಿಂದೂರಿಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ, ಏಳುಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಗೆ ಹೊಗೆಗಣ್ಣ ಅನ್ನುವ ಮಾಂತ್ರಿಕ ಬಂದು ಬೆಟ್ಟದ ಮೇಲೆ ಚದುರಂಗದ ಮಣೆ ಹಾಕಿಕೊಂಡು ಕೂತ. ತನ್ನ ಹತ್ತಿರ ಸೋತವರನ್ನು ಮರದ ಕಾಯಿ ಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಮೂವತ್ತೊಂದು ಜನ ಹಾಗೆ ಹೋದರು. ರಾಜನ ಮಗನೂ ಆ ಚೀಲದಲ್ಲಿದ್ದ, ಒಂಟೆಯಾಗಿ.

ಕೊನೆಗೆ ರಾಜ್ಯಕ್ಕೇ ದೊಡ್ಡ ಆಟಗಾರ ಭೈರಣ್ಣ ಬೆಟ್ಟ ಹತ್ತಿದ. ತಂಗಿ ದೇವೀರಿ ಬುತ್ತಿ ಕಟ್ಟಿಕೊಂಡು ಹಿಂದೆಯೇ ಹೋದಳು. ಬೆಳಗಿನಿಂದ ಬಿಸಿಲಿಳಿಯುವ ತನಕ ಭೈರಣ್ಣ, ಹೊಗೆಗಣ್ಣ ಇಬ್ಬರೂ ಆಡಿದರು. ಒಬ್ಬನಿಗಿಂತ ಒಬ್ಬ ಗಟ್ಟಿ. ಬುತ್ತಿ ಬಿಚ್ಚಲೇ ಇಲ್ಲ. ಕಡೆಗೆ ಭೈರಣ್ಣ ಮಣೆಯನ್ನು ಒಂದು ಗಳಿಗೆ ನೋಡಿದ, ಸೋತೆ ಅಂತ ತನ್ನ ರಾಜನನ್ನು ತಾನೇ ಮಲಗಿಸಿದ. ಮಲಗಿಸಿದ ಬೆರಳು ಮರವಾಯಿತು, ಕೈ ಮರವಾಯಿತು, ಆಳೇ ಗೇಣುದ್ದದ ಕಾಲಾಳಾಗಿ ನಿಂತುಬಿಟ್ಟ.

ಹೊಗೆಗಣ್ಣ ಚೀಲದ ಬಾಯಿ ಬಿಚ್ಚಿದ.

"ತಡಿ," ಅಂದಳು ದೇವೀರಿ. "ಮರುಹಾಸು ಕೇಳ್ತೀನಿ."

ಏಳುಗಿರಿಯ ಪದ್ಧತಿ ಅದು. ಕಾಯಿ ಚೀಲಕ್ಕೆ ಬೀಳುವ ಮುಂಚೆ ಸೋತವರ ಮನೆಯವರು ಆಟವನ್ನು ಮೊದಲಿನಿಂದ ಹಾಸಿ, ಎಲ್ಲಿ ಕೆಟ್ಟಿತು ಅಂತ ತೋರಿಸಬಹುದು. ಮೂರು ಸಲ ಹೇಳಬಹುದು. ಸರಿಯಾಗಿ ತೋರಿಸಿದರೆ ಸೋಲು ಸೋಲಲ್ಲ. ಮೂರೂ ತಪ್ಪಿದರೆ ಕೇಳಿದವರೂ ಮರ. ಈ ಪದ್ಧತಿಯನ್ನು ಮೀರುವಷ್ಟು ಮಾಯೆ ಹೊಗೆಗಣ್ಣನಿಗೂ ಇರಲಿಲ್ಲ.

"ಅಷ್ಟು ನಡೆ ನೆನಪಿದೆಯಾ ಅಮ್ಮಣ್ಣಿ? ಒಲೆ ಮುಂದಿನ ಹೆಂಗಸು ನೀನು!" ಅಂತ ನಕ್ಕ.

ನೆನಪಿತ್ತು. ದೇವೀರಿ ಹುಣಸೆಬೀಜವನ್ನೇ ಕಾಯಿ ಮಾಡಿಕೊಂಡು ಅಣ್ಣನ ಜೊತೆ ದಿನಾ ಆಡಿ ದಿನಾ ಸೋತವಳು. ಸೋತ ಆಟವನ್ನು ಒಲೆ ಮುಂದೆ ಮತ್ತೆ ಹಾಸಿ ಎಲ್ಲಿ ಕೆಟ್ಟೆ ಅಂತ ಹುಡುಕದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಒಂದೊಂದೇ ನಡೆ ನಡೆಸುತ್ತಾ ಬಂದಳು.

"ಇಲ್ಲಿ. ಆನೆ ಕೊಟ್ಟು ನಿನ್ನ ಒಂಟೆ ತಗೊಂಡಿದ್ದು ತಪ್ಪು."

"ತಗೊಳ್ಳದೆ ಇದ್ದಿದ್ದರೆ ನೋಡು," ಅಂತ ಹೊಗೆಗಣ್ಣ ತನ್ನ ಕುದುರೆಯನ್ನು ಹಾರಿಸಿದ. ಅದು ಒಂದೇ ಏಟಿಗೆ ರಾಜನನ್ನೂ ಮಂತ್ರಿಯನ್ನೂ ಹಿಡಿಯಿತು. ಅಣ್ಣ ಮಾಡಿದ್ದೇ ಸರಿ. ದೇವೀರಿಯ ಕಾಲು ಮೊಣಕಾಲಿನವರೆಗೆ ಮರವಾಯಿತು.

ಮತ್ತೆ ನಡೆಸಿದಳು.

"ಇಲ್ಲಿ. ನಿನ್ನ ಕಾಲಾಳನ್ನು ತಿನ್ನೋಕೆ ಮಂತ್ರಿ ಅಷ್ಟು ದೂರ ಹೋಗಿದ್ದು ತಪ್ಪು. ಮನೆ ಬರಿದಾಯ್ತು."

"ತಿನ್ನದೆ ಬಿಟ್ಟಿದ್ದರೆ ಆ ಕಾಲಾಳು ಎರಡೇ ಹೆಜ್ಜೆಗೆ ಮಂತ್ರಿಯ ಮನೆ ಮುಟ್ಟಿ ಮಂತ್ರಿ ಆಗ್ತಿದ್ದ. ಯಾವ ಮನೆ ಮುಟ್ಟಿದರೆ ಆ ಕಾಯಿ, ಗೊತ್ತಿಲ್ವಾ? ನಿಮ್ಮಣ್ಣ ಚೆನ್ನಾಗೇ ಆಡಿದ, ಪಾಪ."

ಸೊಂಟದವರೆಗೆ ಮರವಾಯಿತು. ಉಳಿದದ್ದು ಒಂದೇ ಸಲ. ಕೊನೆಯ ನಡೆಯವರೆಗೆ ನಡೆಸಿದಳು. ಎಲ್ಲೂ ತಪ್ಪು ಕಾಣಲಿಲ್ಲ. ಹೊಗೆಗಣ್ಣನ ಮಂತ್ರಿ ಅಣ್ಣನ ರಾಜನ ಬಾಗಿಲಲ್ಲೇ ನಿಂತಿದ್ದ. ಶಹ ಇನ್ನೂ ಬಿದ್ದಿರಲಿಲ್ಲ, ಅಣ್ಣನದು ಒಂದು ನಡೆ ಬಾಕಿ ಇತ್ತು. ಅದರ ಮುಂದಿನ ನಡೆಗೆ ಆಟ ಮುಗಿದಂತೆಯೇ. ಅತ್ತ ಹೊಗೆಗಣ್ಣನ ರಾಜ ಮಣೆಯ ಅಂಚಿನಲ್ಲಿ, ಭದ್ರವಾಗಿರಲಿ ಅಂತ ಸುತ್ತಲೂ ತನ್ನವರನ್ನೇ ತುಂಬಿಸಿಕೊಂಡಿದ್ದ. ಅವನ ಪಕ್ಕಕ್ಕೇ ಬಂದು ನಿಂತಿದ್ದ ಅಣ್ಣನ ಒಬ್ಬ ಕಾಲಾಳು. ದೂರದಿಂದ ಅಣ್ಣನ ಒಂಟೆ ಓರೆಯಾಗಿ ಅವನಿಗೆ ಕಾವಲಿತ್ತು. ಕೊನೆಯ ಮನೆಗೆ ಒಂದೇ ಹೆಜ್ಜೆ. ಆದರೆ ಅದು ಕುದುರೆಯ ಮನೆ.

ಅಣ್ಣ ಯಾವಾಗಲೂ ಹೇಳುತ್ತಿದ್ದ: "ಕಾಲಾಳು ಮಂತ್ರಿಯಾದರೆ ಬದುಕಿದ. ಕುದುರೆಯಾಗಿ ಏನು ಉದ್ಧಾರ?" ಅದಕ್ಕೇ ಅವನು ಆ ಕಡೆ ನೋಡಲೇ ಇಲ್ಲ.

ದೇವೀರಿ ನೋಡಿದಳು. ಆಮೇಲೆ ಬೆರಳು ತೋರಿಸಿದಳು.

"ನಡೆಯಲ್ಲಿ ತಪ್ಪಿಲ್ಲ. ರಾಜನನ್ನು ಮಲಗಿಸಿದ್ದೇ ತಪ್ಪು."

ಮಲಗಿದ್ದ ರಾಜನನ್ನು ಎಬ್ಬಿಸಿ ನಿಲ್ಲಿಸಿದಳು. ಕಾಲಾಳನ್ನು ಒಂದು ಹೆಜ್ಜೆ ತಳ್ಳಿದಳು. ಅವನು ಕುದುರೆಯಾದ.

"ನಿನ್ನ ರಾಜನಿಗೆ ಶಹ," ಅಂದಳು.

ಹೊಗೆಗಣ್ಣ ಬಗ್ಗಿ ನೋಡಿದ. ದೇವೀರಿ ಒಂದೊಂದೇ ತೋರಿಸಿದಳು:

"ಅಡ್ಡ ಇಡೋಕೆ ಆಗಲ್ಲ, ಕುದುರೆ ಹಾರಿ ಹೊಡೆಯುತ್ತೆ. ಅದನ್ನ ಕೊಲ್ಲೋಕೆ ಹತ್ತಿರ ಯಾರೂ ಇಲ್ಲ. ಓಡೋಕೆ ಖಾಲಿ ಇರೋದು ಕಾಲಾಳು ಬಿಟ್ಟು ಬಂದ ಮನೆ ಒಂದೇ. ಅಲ್ಲಿ ನಮ್ಮ ಒಂಟೆಯ ಕಾವಲಿದೆ. ಮಿಕ್ಕ ಕಡೆಯೆಲ್ಲ ನಿನ್ನವರೇ ಕೂತಿದ್ದಾರಲ್ಲ, ಜಾಗ ಬಿಡಿ ಅಂತ ಕೇಳಿ ನೋಡು."

ಅವನು ಕೇಳಲಿಲ್ಲ. ಕೇಳುವಷ್ಟರಲ್ಲಿ ನಾಲಿಗೆ ಮರವಾಗಿತ್ತು. ಹೊಗೆಗಣ್ಣ ಗೇಣುದ್ದದ ರಾಜನಾಗಿ ಮಣೆಯಿಂದ ಉರುಳಿದ. ಚೀಲ ಹರಿದು ಮೂವತ್ತೊಂದು ಜನ ಮೈಮುರಿಯುತ್ತಾ ಎದ್ದರು. ದೇವೀರಿಯ ಕಾಲಿಗೆ ಮತ್ತೆ ರಕ್ತ ಹರಿಯಿತು.

ಮತ್ತೆ ಮನುಷ್ಯನಾದ ಭೈರಣ್ಣ ಕಣ್ಣುಜ್ಜಿಕೊಂಡು ಮಣೆ ನೋಡಿದ. ತುಂಬಾ ಹೊತ್ತು ನೋಡಿದ.

"ಲೇ ದೇವೀರಿ, ಇದು ಇಲ್ಲೇ ಇತ್ತೇನೇ?"

"ಇಲ್ಲೇ ಇತ್ತು. ರಾಜನ್ನ ಮಲಗಿಸೋಕೆ ನಿನಗೆ ಅಷ್ಟು ಅವಸರ ಏನಿತ್ತಣ್ಣಾ?"

ಆಮೇಲೆ ಬುತ್ತಿ ಬಿಚ್ಚಿದರು. ರಾಜನ ಮಗನಿಗೂ ಎರಡು ತುತ್ತು ಸಿಕ್ಕಿತು. ಮರದ ಹೊಗೆಗಣ್ಣನನ್ನು ಅರಮನೆಯ ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ಕೆಳಗೆ ಒತ್ತು ಕೊಟ್ಟರು. ಈಗಲೂ ಅಲ್ಲೇ ಇದ್ದಾನೆ. ಅಣ್ಣ ತಂಗಿ ಹುಣಸೆಬೀಜದ ಆಟವನ್ನು ಮುದುಕರಾಗುವ ತನಕ ಆಡಿದರು. ದೇವೀರಿ ಆಗಲೂ ಸೋಲುತ್ತಿದ್ದಳು. ಆದರೆ ಭೈರಣ್ಣ ಮಾತ್ರ ಆಮೇಲೆ ಒಂದು ದಿನವೂ ತಂಗಿಯನ್ನು ಕೇಳದೆ ರಾಜನನ್ನು ಮಲಗಿಸಲಿಲ್ಲ. ಏಳುಗಿರಿಯವರೆಲ್ಲ ಹೊಟ್ಟೆ ತುಂಬಾ ಉಂಡು ತಣ್ಣಗೆ ಬಾಳಿದರು.